ಒಂದೇ ದಿನ ತಂದ ಎರಡು ಮೀನು

ನನ್ನ ನಾಲ್ಕು ಅಡಿಯ ತೊಟ್ಟಿಯ ಬಲಬದಿಯ ಗಾಜಿಗೆ ಹೊರಗಿನಿಂದ ಗ್ರಾಫ್ ಹಾಳೆಯ ಒಂದು ಪಟ್ಟಿಯನ್ನು ಅಂಟಿಸಿದ್ದೇನೆ. ಆಹಾರ ಹಾಕುವ ಹೊತ್ತಿಗೆ ಮೀನುಗಳು ಆ ಮೂಲೆಗೆ ಬಂದು ಗಾಜಿಗೆ ಮೈ ತಾಗುವಷ್ಟು ಹತ್ತಿರ ನಿಲ್ಲುತ್ತವೆ. ಆಗ ಮೂತಿಯ ತುದಿಯಿಂದ ಬಾಲದ ಬುಡದವರೆಗೆ ಎಷ್ಟು ಚೌಕಗಳಾಗುತ್ತವೆ ಎಂದು ಎಣಿಸಿ, ಪಕ್ಕದಲ್ಲೇ ಇರುವ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡುತ್ತೇನೆ. ಗಾಜಿನಿಂದ ದೂರ ನಿಂತ ಮೀನನ್ನು ಹೀಗೆ ಅಳೆಯಲು ಹೋದರೆ ಲೆಕ್ಕ ತಪ್ಪುತ್ತದೆ; ಆದ್ದರಿಂದ ಅದು ಹತ್ತಿರ ಬರುವವರೆಗೆ ಕಾಯಬೇಕು. ಮನೆಯವರಿಗೆ ಇದೊಂದು ತಮಾಷೆಯ ಸಂಗತಿ. ಆದರೆ ಒಂದೇ ದಿನ, ಒಂದೇ ಚೀಲದಲ್ಲಿ ಬಂದ ಎರಡು ಮೀನುಗಳು ನನಗೆ ಈ ಅಭ್ಯಾಸವನ್ನು ಕಲಿಸಿದವು.

ಒಂದು ಆಸ್ಕರ್, ಇನ್ನೊಂದು ಫೈರ್‌ಮೌತ್. ಎರಡೂ ಸಿಕ್ಲಿಡ್ ಕುಟುಂಬಕ್ಕೆ ಸೇರಿದವು, ಎರಡೂ ಆಗ ಸುಮಾರು 5 ಸೆಂ.ಮೀ. ಉದ್ದದ ಮರಿಗಳು. ಆಸ್ಕರಿನ ತವರು ದಕ್ಷಿಣ ಅಮೆರಿಕದ ನದಿಗಳು, ಫೈರ್‌ಮೌತಿನದು ಮೆಕ್ಸಿಕೋ ಮತ್ತು ಅದರ ನೆರೆಯ ಮಧ್ಯ ಅಮೆರಿಕದ ನೀರು. ಮೊದಲ ಕೆಲವು ವಾರ ಫೈರ್‌ಮೌತೇ ಯಜಮಾನ. ಕಿವಿರಿನ ಮುಚ್ಚಳಗಳನ್ನು ಅಗಲಿಸಿ, ಗಂಟಲಿನ ಕೆಂಪು ಚೀಲವನ್ನು ಉಬ್ಬಿಸಿ ಅದು ಎದುರು ನಿಂತರೆ ಆಸ್ಕರ್ ಹಿಂದೆ ಸರಿಯುತ್ತಿತ್ತು. ಎಂಟು ತಿಂಗಳ ನಂತರ ನೋಟ್‌ಬುಕ್ಕಿನಲ್ಲಿ ಆಸ್ಕರಿನ ಎದುರು 19 ಸೆಂ.ಮೀ. ಎಂದೂ ಫೈರ್‌ಮೌತಿನ ಎದುರು 8 ಸೆಂ.ಮೀ. ಎಂದೂ ಬರೆದಿದೆ. ಆ ಹೊತ್ತಿಗೆ ಫೈರ್‌ಮೌತ್ ಹೀಟರಿನ ಹಿಂದಿನ ಎರಡು ಬೆರಳಿನಷ್ಟು ಸಂದಿಯಲ್ಲಿ, ತಲೆ ತಗ್ಗಿಸಿ, ಬಣ್ಣ ಕಳೆದುಕೊಂಡು ನಿಂತಿರುತ್ತಿತ್ತು. ಬೆನ್ನಿನ ರೆಕ್ಕೆಯ ಹಿಂಭಾಗ ಬಾಚಣಿಗೆಯ ಹಲ್ಲು ಮುರಿದಂತೆ ಹರಿದಿತ್ತು. ಆಸ್ಕರ್ ಅದನ್ನು ಅಟ್ಟಿಸಿಕೊಂಡು ಹೋದದ್ದನ್ನು ನಾನು ಹೆಚ್ಚು ನೋಡಿರಲಿಲ್ಲ. ಅದು ಬರೀ ಆ ಕಡೆಗೆ ತಿರುಗಿದರೆ ಸಾಕಾಗಿತ್ತು.

ನಾನು ಮಾಡಿದ ತಪ್ಪು ಸರಳವಾದದ್ದು. ಆ ದಿನ ಕಣ್ಣಿಗೆ ಕಂಡ ಗಾತ್ರವನ್ನು ನೋಡಿ ಜೋಡಿ ಮಾಡಿದೆನೇ ಹೊರತು, ಅವೆರಡೂ ಎಷ್ಟು ವೇಗದಲ್ಲಿ ಬೆಳೆಯುತ್ತವೆ ಎಂದು ಕೇಳಿಕೊಳ್ಳಲಿಲ್ಲ. ಸಿಕ್ಲಿಡ್‌ಗಳಿಗೆ ಜೊತೆಗಾರರನ್ನು ಆರಿಸುವಾಗ ಸ್ವಭಾವದ ವಿಚಾರವನ್ನು ಎಲ್ಲರೂ ಹೇಳುತ್ತಾರೆ: ಇದು ಜಗಳಗಂಟ, ಅದು ಸಾಧು, ಇವೆರಡೂ ಕೂಡಿ ಬಾಳುತ್ತವೆ ಎಂದು. ನನ್ನ ಅನುಭವದಲ್ಲಿ ಸ್ವಭಾವಕ್ಕಿಂತ ಮೊದಲು ನೋಡಬೇಕಾದದ್ದು ಬೆಳವಣಿಗೆಯ ವೇಗ, ಏಕೆಂದರೆ ಸ್ವಭಾವ ಕೆಲಸಕ್ಕೆ ಬರುವುದು ಗಾತ್ರಗಳು ಹತ್ತಿರ ಇರುವವರೆಗೆ ಮಾತ್ರ. ಆ ಅಂತರ ಒಂದು ಮಿತಿಯನ್ನು ದಾಟಿತೆಂದರೆ ಮುಂದಿನದೆಲ್ಲ ಮತ್ಸ್ಯನ್ಯಾಯ. ಈ ಮಾತನ್ನು ರಾಜನೀತಿಗೆ ಎರವಲು ಕೊಟ್ಟದ್ದೇ ಮೀನುಗಳಲ್ಲವೇ.

ಬೆಳವಣಿಗೆಯನ್ನು ಉದ್ದದಲ್ಲಿ ಅಳೆಯುವುದರಿಂದ ಒಂದು ಮೋಸವಾಗುತ್ತದೆ. ಮೈಯ ಆಕಾರ ಹೆಚ್ಚು ಬದಲಾಗದೆ ಮೀನಿನ ಉದ್ದ ಎರಡು ಪಟ್ಟಾದರೆ, ಎತ್ತರ ಮತ್ತು ದಪ್ಪವೂ ಎರಡೆರಡು ಪಟ್ಟಾಗಿ ತೂಕ ಸುಮಾರು ಎಂಟು ಪಟ್ಟಾಗುತ್ತದೆ. ಈ ಲೆಕ್ಕದಲ್ಲಿ ನನ್ನ ಆಸ್ಕರ್ ಎಂಟು ತಿಂಗಳಲ್ಲಿ ಉದ್ದದಲ್ಲಿ ನಾಲ್ಕು ಪಟ್ಟಿಗೆ ಹತ್ತಿರ ಬಂದಿದ್ದರೂ ತೂಕದಲ್ಲಿ ಸುಮಾರು 55 ಪಟ್ಟಾಗಿತ್ತು. ಫೈರ್‌ಮೌತ್ ನಾಲ್ಕು ಪಟ್ಟು ಮಾತ್ರ. ಒಂದೇ ತೂಕದಿಂದ ಹೊರಟ ಎರಡು ಜೀವಗಳ ನಡುವೆ ಹದಿಮೂರು ಪಟ್ಟಿಗೂ ಮೀರಿದ ಅಂತರ ಬಿದ್ದಿತ್ತು ಎಂದು ಕಾಗದದ ಮೇಲೆ ಕಂಡಾಗಲೇ ಹೀಟರಿನ ಹಿಂದಿನ ಆ ಸಂದಿಯ ಅರ್ಥ ನನಗೆ ಆದದ್ದು. ತೂಕದ ಜೊತೆಗೆ ತಿನ್ನುವುದೂ, ತಿಂದದ್ದರಿಂದ ಹುಟ್ಟುವ ಅಮೋನಿಯಾವೂ ಏರುತ್ತವೆ. ಮರಿಗಳಿದ್ದಾಗ ಸಾಕೆನಿಸಿದ ಫಿಲ್ಟರ್ ಅರ್ಧ ವರ್ಷದಲ್ಲಿ ಸೋಲುವುದಕ್ಕೆ ಇದೇ ಕಾರಣ. ಆಗ ನಾವು ಫಿಲ್ಟರನ್ನು ಬೈಯುತ್ತೇವೆ.

ಸಿಕ್ಲಿಡ್‌ಗಳಲ್ಲಿ ಬೆಳವಣಿಗೆಯ ಹರವು ಬಹಳ ದೊಡ್ಡದು. ಈ ಕುಟುಂಬದಲ್ಲಿ ಹೆಸರಿಟ್ಟು ವರ್ಣಿಸಿದ ಪ್ರಭೇದಗಳೇ ಸಾವಿರದ ಆರುನೂರಕ್ಕೂ ಹೆಚ್ಚು. ಆಫ್ರಿಕಾದ ಟ್ಯಾಂಗನೀಕಾ ಸರೋವರದ ತಳದಲ್ಲಿ ಖಾಲಿ ಶಂಖದೊಳಗೆ ಸಂಸಾರ ಮಾಡುವ ನಿಯೋಲ್ಯಾಂಪ್ರೊಲೋಗಸ್ ಮಲ್ಟಿಫ್ಯಾಸಿಯೇಟಸ್ ನಾಲ್ಕೈದು ಸೆಂ.ಮೀ.ಗೆ ನಿಂತುಬಿಡುತ್ತದೆ. ಅದೇ ಸರೋವರದ ಫ್ರಂಟೋಸಾ 30 ಸೆಂ.ಮೀ. ಮುಟ್ಟುತ್ತದೆಯಾದರೂ ಅದಕ್ಕೆ ಅವಸರವೇ ಇಲ್ಲ; ವರ್ಷಗಟ್ಟಲೆ ನಿಧಾನವಾಗಿ ಬೆಳೆದು, ಪ್ರೌಢಾವಸ್ಥೆಗೆ ಬರುವುದಕ್ಕೇ ಮೂರು ನಾಲ್ಕು ವರ್ಷ ತೆಗೆದುಕೊಳ್ಳುತ್ತದೆ. ಆಸ್ಕರ್ ಇದಕ್ಕೆ ತದ್ವಿರುದ್ಧ. ಚೆನ್ನಾಗಿ ಸಾಕಿದರೆ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಸರಿಸುಮಾರು ಎರಡೂವರೆ ಸೆಂ.ಮೀ. ಏರುತ್ತ, ವರ್ಷ ತುಂಬುವ ಹೊತ್ತಿಗೆ ಹೆಚ್ಚುಕಡಿಮೆ ಪೂರ್ಣ ಗಾತ್ರದ ಹತ್ತಿರ ಬರುತ್ತದೆ. ಜಾಗ್ವಾರ್ ಸಿಕ್ಲಿಡ್ ಕೂಡ ಇದೇ ಓಟದ್ದು. ರ‍್ಯಾಮ್ ಐದಾರು ಸೆಂ.ಮೀ.ಗೆ ಮುಗಿಯುತ್ತದೆ, ಕಾನ್ವಿಕ್ಟ್ ಹತ್ತು ಹನ್ನೆರಡಕ್ಕೆ. ಅಂಗಡಿಯ ತೊಟ್ಟಿಯಲ್ಲಿ ಇವೆಲ್ಲವೂ ಹೆಬ್ಬೆರಳಿನಷ್ಟೇ ಇರುತ್ತವೆ ಎಂಬುದೇ ಎಲ್ಲ ತೊಂದರೆಯ ಮೂಲ.

ಇಲ್ಲಿ ಒಂದು ಹಳೆಯ ನಂಬಿಕೆಯ ವಿಷಯ ಬರುತ್ತದೆ. ಮೀನು ತೊಟ್ಟಿಯ ಅಳತೆಗೆ ತಕ್ಕಂತೆ ಮಾತ್ರ ಬೆಳೆಯುತ್ತದೆ, ಆದ್ದರಿಂದ ಸಣ್ಣ ತೊಟ್ಟಿಯಲ್ಲಿಟ್ಟರೆ ಅದು ಸಣ್ಣದಾಗಿಯೇ ಉಳಿಯುತ್ತದೆ ಎಂದು ನನಗೂ ಮೊದಲು ಹೇಳಿಕೊಟ್ಟಿದ್ದರು. ಸಣ್ಣ ತೊಟ್ಟಿಯ ಮೀನು ಕುಳ್ಳಾಗುವುದು ನಿಜ, ಆದರೆ ಅದು ಗಾಜಿನ ಗೋಡೆಯನ್ನು ಅಳೆದು ನೋಡಿ ಬೆಳವಣಿಗೆ ನಿಲ್ಲಿಸುವುದಿಲ್ಲ. ಕಡಿಮೆ ನೀರಿನಲ್ಲಿ ಕಲ್ಮಶ ಬೇಗ ದಟ್ಟವಾಗುತ್ತದೆ, ನೈಟ್ರೇಟ್ ಏರುತ್ತದೆ, ಸದಾ ಒತ್ತಡದಲ್ಲಿರುವ ಮೀನಿನ ಶಕ್ತಿಯೆಲ್ಲ ಬದುಕಿ ಉಳಿಯುವುದಕ್ಕೇ ವೆಚ್ಚವಾಗುತ್ತದೆ. ಹೀಗೆ ಕುಂಠಿತಗೊಂಡ ಮೀನನ್ನು ಒಮ್ಮೆ ಗುರುತಿಸಲು ಕಲಿತರೆ ಮತ್ತೆ ಮರೆಯುವುದಿಲ್ಲ. ಮೈ ಬೆಳೆಯುವುದು ನಿಂತರೂ ಕಣ್ಣು ಅಷ್ಟಾಗಿ ನಿಲ್ಲದ ಕಾರಣ ಪುಟ್ಟ ಮುಖದಲ್ಲಿ ದೊಡ್ಡ ಕಣ್ಣುಗಳು ಎದ್ದು ಕಾಣುತ್ತವೆ. ಡಿಸ್ಕಸ್ ಎಂಬ ಸಿಕ್ಲಿಡ್ ಸಾಕುವವರು ಮರಿ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಕಣ್ಣು ಮತ್ತು ಮೈಯ ಅನುಪಾತವನ್ನು ನೋಡುವುದು ಇದಕ್ಕಾಗಿಯೇ. ಎಳೆಯ ವಯಸ್ಸಿನಲ್ಲಿ ಆದ ಈ ನಷ್ಟವನ್ನು ಆಮೇಲೆ ದೊಡ್ಡ ತೊಟ್ಟಿಗೆ ಹಾಕಿ ಪೂರ್ತಿ ತುಂಬಿಕೊಡುವುದು ಕಷ್ಟ.

ಹಾಗಾದರೆ ಬೆಳವಣಿಗೆ ನಮ್ಮ ಕೈಯಲ್ಲಿ ಎಷ್ಟಿದೆ? ಮೂರು ಹಿಡಿಕೆಗಳಿವೆ ಎನ್ನಬಹುದು: ನೀರು, ಉಷ್ಣತೆ, ಆಹಾರ. ಇವುಗಳಲ್ಲಿ ನೀರನ್ನು ಮಾತ್ರ ಯಾವ ಕಾರಣಕ್ಕೂ ಕಡಿಮೆ ಮಾಡಬಾರದು. ವಾರಕ್ಕೊಮ್ಮೆ ತೊಟ್ಟಿಯ ಮೂರನೇ ಒಂದರಿಂದ ಅರ್ಧದಷ್ಟು ನೀರು ಬದಲಿಸುವುದು ದೊಡ್ಡ ಸಿಕ್ಲಿಡ್‌ಗಳಿಗೆ ಆಡಂಬರವಲ್ಲ, ನಿತ್ಯದ ಅಗತ್ಯ. ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ಹೆಚ್ಚಿರುವ ಆಫ್ರಿಕಾದ ಸರೋವರಗಳ ಮೀನುಗಳಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿಯಾದ ಭಾಗ ಪಿಎಚ್ ಏರಿದಂತೆ ಹೆಚ್ಚುತ್ತದೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಆ ಭಾಗ ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ, ಪಿಎಚ್ 8 ಆದರೆ ನೂರಕ್ಕೆ ಸುಮಾರು ಐದಾಗುತ್ತದೆ. ಒಂದೇ ಫಿಲ್ಟರ್, ಒಂದೇ ಆಹಾರ ಇದ್ದರೂ ಆಫ್ರಿಕಾದ ಮಲಾವಿ ಸರೋವರದ ಮೀನುಗಳ ತೊಟ್ಟಿಯಲ್ಲಿ ಆದ ತಪ್ಪಿಗೆ ಶಿಕ್ಷೆ ಬೇಗ ಬರುತ್ತದೆ.

ಉಷ್ಣತೆ ಏರಿದರೆ ಒಂದು ಮಿತಿಯವರೆಗೆ ಮೀನಿನ ಹಸಿವೂ ಚಯಾಪಚಯವೂ ಏರಿ ಬೆಳವಣಿಗೆ ಚುರುಕಾಗುತ್ತದೆ. ಹಾಗೆಯೇ ಸಿಡುಕೂ ಚುರುಕಾಗುತ್ತದೆ ಎಂಬುದನ್ನು ನೆನಪಿಡಬೇಕು. 29 ಡಿಗ್ರಿಯಲ್ಲಿ ಜಗಳವಾಡುತ್ತಿದ್ದ ಜೋಡಿ 25ಕ್ಕೆ ಇಳಿಸಿದಾಗ ಸ್ವಲ್ಪ ತಣ್ಣಗಾಗುವುದನ್ನು ನಾನು ಕಂಡಿದ್ದೇನೆ. ಬಿಸಿಯಾದ ನೀರಿನಲ್ಲಿ ಕರಗುವ ಆಮ್ಲಜನಕವೂ ಕಡಿಮೆ. ಡಿಸ್ಕಸ್ ಮತ್ತು ರ‍್ಯಾಮ್‌ಗಳಿಗೆ 28ರಿಂದ 30 ಡಿಗ್ರಿ ಬೇಕೇ ಬೇಕು, ಆದರೆ ಆಸ್ಕರಿಗಾಗಲಿ ಮಧ್ಯ ಅಮೆರಿಕದ ಬಹುತೇಕ ಸಿಕ್ಲಿಡ್‌ಗಳಿಗಾಗಲಿ 25-26 ಡಿಗ್ರಿ ಧಾರಾಳವಾಗಿ ಸಾಕು.

ಆಹಾರದ ವಿಷಯ ಬಂದಾಗ ನಮ್ಮ ಕೈ ಸಾಮಾನ್ಯವಾಗಿ ದೊಡ್ಡದಾಗುತ್ತದೆ. ಆಸ್ಕರ್ ಗಾಜಿನ ಬಳಿ ಬಂದು ಮೈ ಕುಲುಕಿಸಿ ಬೇಡುವ ರೀತಿಗೆ ಕರಗದವರು ಅಪರೂಪ. ಐದು ನಿಮಿಷದ ಹಿಂದೆ ಹೊಟ್ಟೆ ತುಂಬ ತಿಂದದ್ದು ಅದೇ ಮೀನು ಎಂದು ನಂಬುವುದೇ ಕಷ್ಟ. ಮರಿಗಳಿಗೆ ದಿನಕ್ಕೆ ಮೂರು ನಾಲ್ಕು ಬಾರಿ ಸ್ವಲ್ಪ ಸ್ವಲ್ಪ ಕೊಡುವುದು ಸರಿ. ಸುಮಾರು 12-15 ಸೆಂ.ಮೀ. ಆದ ಮೇಲೆ ನಾನು ದಿನಕ್ಕೆ ಎರಡಕ್ಕೆ ಇಳಿಸುತ್ತೇನೆ, ಪೂರ್ಣ ಬೆಳೆದವಕ್ಕೆ ಒಂದೇ ಬಾರಿ, ವಾರದಲ್ಲಿ ಒಂದು ದಿನ ಉಪವಾಸ. ಬೇಗ ದೊಡ್ಡದಾಗಲಿ ಎಂದು ಸಸ್ತನಿಗಳ ಹೃದಯದ ಮಾಂಸವನ್ನೋ ಜೀವಂತ ಗೋಲ್ಡ್‌ಫಿಶ್ ಮರಿಗಳನ್ನೋ ಕೊಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಆ ಮಾಂಸದ ಕೊಬ್ಬನ್ನು ಮೀನಿನ ದೇಹ ಸರಿಯಾಗಿ ಬಳಸಲಾರದೆ ಒಳಗಿನ ಅಂಗಗಳ ಸುತ್ತ ಕೂಡಿಸಿಕೊಳ್ಳುತ್ತದೆ. ಗೋಲ್ಡ್‌ಫಿಶ್‌ನಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವವಿದೆ. ಅದರ ಜೊತೆಗೆ ಬರುವ ಪರೋಪಜೀವಿಗಳ ಲೆಕ್ಕ ಬೇರೆ. ಹೀಗೆ ಉಬ್ಬಿಸಿದ ಮೀನು ಪಟ್ಟಿಯ ಮೇಲೆ ಉದ್ದವಾಗಿ ಕಂಡೀತು, ಹತ್ತು ಹನ್ನೆರಡು ವರ್ಷ ಬದುಕಬೇಕಾದದ್ದು ಅಷ್ಟು ಬದುಕೀತೆಂಬ ಭರವಸೆ ಇಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ತೊಟ್ಟಿ ಸಣ್ಣದು, ಆದ್ದರಿಂದ ಆಹಾರ ಕಡಿಮೆ ಮಾಡಿ ಮೀನನ್ನು ಸಣ್ಣದಾಗಿಯೇ ಇಡೋಣ ಎಂಬ ಯೋಚನೆ ಕೆಲವರಿಗೆ ಬರುತ್ತದೆ. ಸುಳ್ಳೇಕೆ, ಒಂದು ಕಾಲಕ್ಕೆ ನನಗೂ ಬಂದಿತ್ತು. ಹಸಿದ ಸಿಕ್ಲಿಡ್ ಮೊದಲು ಮಾಡುವ ಕೆಲಸವೆಂದರೆ ಪಕ್ಕದಲ್ಲಿರುವುದನ್ನು ಪರೀಕ್ಷಿಸುವುದು. ಬೆಳವಣಿಗೆಯನ್ನು ನಿಧಾನಗೊಳಿಸುವುದಕ್ಕೂ ಹೊಟ್ಟೆಗೆ ಹೊಡೆಯುವುದಕ್ಕೂ ವ್ಯತ್ಯಾಸವಿದೆ. ಉಷ್ಣತೆಯನ್ನು ಆ ಪ್ರಭೇದಕ್ಕೆ ಒಗ್ಗುವ ಕೆಳಗಿನ ಅಂಚಿನಲ್ಲಿಡುವುದು, ಮರಿತನ ಕಳೆದ ಮೇಲೆ ಪ್ರೋಟೀನ್ ಸ್ವಲ್ಪ ಕಡಿಮೆ ಇರುವ ಮೀನಿನ ಆಹಾರದ ಕಾಳುಗಳನ್ನು (ಪೆಲೆಟ್) ಕೊಡುವುದು, ಹೊತ್ತುಗಳನ್ನು ಕಡಿಮೆ ಮಾಡುವುದು, ಇಷ್ಟರಿಂದ ಕೆಲವು ತಿಂಗಳ ಅವಕಾಶ ಸಿಕ್ಕೀತು. ಕೊನೆಯ ಗಾತ್ರ ಅದರಿಂದ ಬದಲಾಗುವುದಿಲ್ಲ.

ಈಗ ನನಗೆ ಅತ್ಯಂತ ಕುತೂಹಲದ ಭಾಗಕ್ಕೆ ಬರುತ್ತೇನೆ. ಏಂಜೆಲ್ ಎಂಬ ಸಿಕ್ಲಿಡ್‌ನ, ಒಂದೇ ಹೆತ್ತವರ ಆರು ಮರಿಗಳನ್ನು ಒಮ್ಮೆ ಒಂದೇ ತೊಟ್ಟಿಯಲ್ಲಿ ಬೆಳೆಸಿದ್ದೆ. ಒಂದೇ ನೀರು, ಒಂದೇ ಆಹಾರ. ಮೂರು ತಿಂಗಳ ಹೊತ್ತಿಗೆ ಅವುಗಳಲ್ಲಿ ಎರಡು ಉಳಿದವಕ್ಕಿಂತ ಒಂದೂವರೆ ಪಟ್ಟಾಗಿದ್ದವು, ಎರಡು ನಡುವಿನವು, ಕೊನೆಯೆರಡು ಹಿಂದುಳಿದಿದ್ದವು. ಕುಳಿತು ನೋಡಿದಾಗ ಕಾರಣದ ಅರ್ಧ ಭಾಗ ಕಣ್ಣಿಗೇ ಕಂಡಿತು. ಆಹಾರ ನೀರಿಗೆ ಬಿದ್ದ ಕೂಡಲೇ ದೊಡ್ಡವೆರಡೂ ಅದರ ನೇರ ಕೆಳಗೆ ನಿಲ್ಲುತ್ತಿದ್ದವು. ಸಣ್ಣವು ಒಂದು ಕಾಳಿಗೆ ಬಾಯಿ ಹಾಕಲು ಮುಂದೆ ಬಂದು, ದೊಡ್ಡದರ ರೆಕ್ಕೆ ಅಲುಗಿದ್ದೇ ತಡ ಹಿಂದಕ್ಕೆ ಸರಿದು, ತಳಕ್ಕೆ ಇಳಿದ ಚೂರುಗಳಿಗಾಗಿ ಕಾಯುತ್ತಿದ್ದವು. ದೊಡ್ಡದಾದ್ದರಿಂದ ಹೆಚ್ಚು ತಿನ್ನುತ್ತದೆ, ಹೆಚ್ಚು ತಿಂದದ್ದರಿಂದ ಇನ್ನೂ ದೊಡ್ಡದಾಗುತ್ತದೆ. ಆಹಾರವನ್ನು ತೊಟ್ಟಿಯ ಎರಡು ತುದಿಗಳಲ್ಲಿ ಒಟ್ಟಿಗೆ ಹಾಕಲು ಶುರು ಮಾಡಿದ ಮೇಲೆ ಅಂತರ ಏರುವುದು ನಿಧಾನವಾಯಿತು, ಆದರೆ ನಿಲ್ಲಲಿಲ್ಲ.

ನಿಲ್ಲದಿರುವುದಕ್ಕೆ ಕಾರಣದ ಉಳಿದರ್ಧ ಭಾಗ ಹೊಟ್ಟೆಯಲ್ಲಿಲ್ಲ, ತಲೆಯಲ್ಲಿದೆ. ಸಿಕ್ಲಿಡ್‌ಗಳ ಬೆಳವಣಿಗೆ ಅವುಗಳ ಸಾಮಾಜಿಕ ಸ್ಥಾನಕ್ಕೆ ಕಟ್ಟುಬಿದ್ದಿದೆ. ಆಫ್ರಿಕಾದ ಆಸ್ಟಟೋಟಿಲಾಪಿಯಾ ಬರ್ಟೋನಿ ಎಂಬ ಮೀನಿನ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಧಿಪತ್ಯ ಕಳೆದುಕೊಂಡು ಕೆಳಗಿಳಿಯುತ್ತಿದ್ದ ಗಂಡುಗಳ ಬೆಳವಣಿಗೆ ಕುಗ್ಗಿದ್ದೂ, ಕೆಲವು ಚಿಕ್ಕದಾದದ್ದೂ ಕಂಡುಬಂತು. ಸ್ಥಾನದಲ್ಲಿ ಮೇಲೇರುತ್ತಿದ್ದವು ಬೇಗ ಬೆಳೆದವು. ಗದ್ದುಗೆ ಹಿಡಿದು ಕುಳಿತ ಗಂಡು ಬೇಗ ಬೆಳೆಯುತ್ತದೆ ಎಂದು ನಾವು ಊಹಿಸುತ್ತೇವೆ, ಅಲ್ಲಿ ಆದದ್ದು ಬೇರೆ: ಕ್ಷೇತ್ರ ಕಾಯುವುದರಲ್ಲೂ ಸಂತಾನದ ಕೆಲಸದಲ್ಲೂ ತೊಡಗಿದ ಯಜಮಾನನ ಬೆಳವಣಿಗೆ ನಿಧಾನವಾಗಿತ್ತು, ಅಧೀನದಲ್ಲಿದ್ದು ಸಮಯ ಕಾಯುವ ಗಂಡು ಮೈ ಬೆಳೆಸಿಕೊಳ್ಳುತ್ತಿತ್ತು. ಟ್ಯಾಂಗನೀಕಾದ ನಿಯೋಲ್ಯಾಂಪ್ರೊಲೋಗಸ್ ಪಲ್ಚರ್‌ನ ಕುಟುಂಬದಲ್ಲಿ ಇನ್ನೊಂದು ಬಗೆ. ಅಲ್ಲಿ ಯಜಮಾನ ಜೋಡಿಗೆ ಮರಿ ಸಾಕಲು ನೆರವಾಗುವ ಕಿರಿಯರು ತಮ್ಮ ಗಾತ್ರ ಯಜಮಾನನ ಗಾತ್ರಕ್ಕೆ ತೀರ ಹತ್ತಿರ ಬಂದರೆ ಬೆಳವಣಿಗೆಯನ್ನೇ ತಡೆಹಿಡಿಯುತ್ತವೆ, ಏಕೆಂದರೆ ಸಮಕ್ಕೆ ಬಂದವರನ್ನು ಕುಟುಂಬದಿಂದ ಹೊರಗಟ್ಟುವ ಅಪಾಯವಿದೆ. ತಗ್ಗಿ ನಡೆಯುವುದನ್ನು ಮೈಯ ಅಳತೆಯಲ್ಲೇ ತೋರಿಸುವ ಈ ವಿನಯ ನನಗೆ ಬೆರಗಿನದು.

ಸಾಕುವವರಿಗೆ ಇದರಿಂದ ಬರುವ ಪಾಠ ಪ್ರಾಯೋಗಿಕವಾದದ್ದು. ಗುಂಪಿನಲ್ಲಿ ಹಿಂದುಳಿದ ಮರಿಯನ್ನು ಕೂಡಲೇ ರೋಗಿಷ್ಠವೆಂದು ಕೈಬಿಡಬಾರದು. ಕೆಲವು ವಾರ ನಡುವೆ ಜಾಲರಿಯ ಅಡ್ಡಗೋಡೆ ಹಾಕಿ ಬೇರ್ಪಡಿಸಿ ನೋಡಬೇಕು. ನಾನು ಆ ಇಬ್ಬರು ಸಣ್ಣ ಏಂಜೆಲ್‌ಗಳನ್ನು ಬೇರೆ ತೊಟ್ಟಿಗೆ ಹಾಕಿದಾಗ ಒಂದು ಸರಸರನೆ ಬೆಳೆಯಿತು, ಇನ್ನೊಂದು ಬೆಳೆಯಲಿಲ್ಲ. ಅದಕ್ಕೆ ನಿಜವಾಗಿಯೂ ಏನೋ ದೋಷವಿತ್ತು. ಅದೇ ರೀತಿ ಜಗಳಗಂಟನೆಂದು ದೊಡ್ಡದನ್ನು ತೆಗೆದುಹಾಕಿದರೆ ತೊಟ್ಟಿ ಶಾಂತವಾಗುತ್ತದೆ ಎಂದು ಭಾವಿಸಬೇಡಿ. ಖಾಲಿಯಾದ ಜಾಗಕ್ಕೆ ಎರಡನೆಯದು ಏರುತ್ತದೆ, ಬಣ್ಣವೂ ಗದರಿಕೆಯೂ ಕೆಲವೇ ದಿನಗಳಲ್ಲಿ ಬರುತ್ತವೆ.

ಜೊತೆಗಾರರ ಆಯ್ಕೆಗೆ ಬಂದರೆ, ನಾನು ಮೊದಲು ನೋಡುವುದು ಬಾಯಿಯನ್ನು. ಬಾಯಿಗೆ ಹಿಡಿಸುವ ಯಾವುದೂ ಸಿಕ್ಲಿಡ್‌ಗೆ ಜೊತೆಗಾರನಲ್ಲ, ಊಟ. ಏಂಜೆಲ್ ಮತ್ತು ನಿಯಾನ್ ಟೆಟ್ರಾಗಳನ್ನು ಒಟ್ಟಿಗೆ ಬಿಟ್ಟವರು ಆರು ತಿಂಗಳು ನೆಮ್ಮದಿಯಿಂದಿದ್ದು, ಒಂದು ಬೆಳಿಗ್ಗೆ ದೀಪ ಹಾಕಿದಾಗ ಟೆಟ್ರಾಗಳ ಸಂಖ್ಯೆ ಇಳಿದದ್ದನ್ನು ಕಂಡು ದಿಗಿಲುಪಡುತ್ತಾರೆ. ಏಂಜೆಲಿನ ಸ್ವಭಾವ ಕೆಟ್ಟಿತೆಂದಲ್ಲ, ಬಾಯಿ ಬೆಳೆಯಿತು, ಅಷ್ಟೆ. ಸಿಕ್ಲಿಡ್‌ಗಳಿಗೆ ಮುಂದೆ ಕಾಣುವ ದವಡೆಯ ಜೊತೆಗೆ ಗಂಟಲಿನಲ್ಲಿ ಎರಡನೆಯ ದವಡೆಯೂ ಇದೆ. ಅರೆಯುವ ಕೆಲಸವನ್ನು ಅದು ಮಾಡುವುದರಿಂದ ಮುಂದಿನದು ಹಿಡಿಯುವುದಕ್ಕೆ ಬಿಡುವಾಗಿದೆ. ಹಾಗೆಂದು ಬಾಯಿಗೆ ಹಿಡಿಸುವ ಮೀನು ನುಂಗಿದವನಿಗೆ ಕ್ಷೇಮವೆಂದೂ ಅಲ್ಲ. ಕೋರಿಡೋರಸ್ ಎಂಬ ಪುಟ್ಟ ಬೆಕ್ಕುಮೀನು ತನ್ನ ರೆಕ್ಕೆಗಳ ಮುಳ್ಳನ್ನು ಸೆಟೆದು ನಿಲ್ಲಿಸಿ ಆಸ್ಕರಿನ ಗಂಟಲಿಗೆ ಸಿಕ್ಕಿಹಾಕಿಕೊಂಡರೆ ಎರಡೂ ಸಾಯುತ್ತವೆ.

ಎರಡನೆಯದಾಗಿ ನೋಡುವುದು ತಿನ್ನುವ ವೇಗ ಮತ್ತು ತಿನ್ನುವ ಪದಾರ್ಥ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಮಲಾವಿ ಸರೋವರದ ಎಂಬೂನಾಗಳ ಬಗ್ಗೆಯೇ ಹೇಳಿದಂತಿದೆ. ಬಂಡೆಗಳ ಮೇಲಿನ ಪಾಚಿಯನ್ನೂ ಅದರಲ್ಲಿ ಸೇರಿಕೊಂಡ ಸೂಕ್ಷ್ಮಜೀವಿಗಳನ್ನೂ ಕೆರೆದು ತಿನ್ನುವ ಈ ಮೀನುಗಳ ಕರುಳು ಉದ್ದ. ಪ್ರೋಟೀನ್ ತುಂಬಿದ ಮಾಂಸಾಹಾರ ಸತತವಾಗಿ ಬಿದ್ದರೆ ಹೊಟ್ಟೆ ಉಬ್ಬಿ ಸಾಯುವುದು ಸಾಮಾನ್ಯ. ಇವುಗಳ ಜೊತೆಗೆ ಮಾಂಸಾಹಾರವೇ ಬೇಕಾದ, ಬೇಗ ಬೆಳೆಯುವ ಮೀನನ್ನಿಟ್ಟರೆ ಎರಡರಲ್ಲಿ ಒಂದಕ್ಕೆ ದಿನವೂ ತಪ್ಪು ಊಟವೇ ಬೀಳುತ್ತದೆ. ಮರಳನ್ನು ಬಾಯಿತುಂಬ ತೆಗೆದುಕೊಂಡು ಸೋಸಿ ಕಿವಿರಿನಿಂದ ಹೊರಬಿಡುವ ಜಿಯೋಫೇಗಸ್‌ಗಳು ಸ್ವಭಾವದಲ್ಲಿ ಆಸ್ಕರಿನೊಡನೆ ಹೊಂದುತ್ತವಾದರೂ, ಊಟದಲ್ಲಿ ನಿಧಾನಿಗಳು. ತೇಲುವ ಕಾಳುಗಳನ್ನು ಆಸ್ಕರ್ ಅರ್ಧ ನಿಮಿಷದಲ್ಲಿ ಖಾಲಿ ಮಾಡುತ್ತದೆ. ಆಸ್ಕರಿಗೆ ಮೊದಲು ತೇಲುವುದನ್ನು ಕೊಟ್ಟು, ಅದು ಅಗಿಯುತ್ತಿರುವಾಗ ಮುಳುಗುವುದನ್ನು ಇನ್ನೊಂದು ತುದಿಗೆ ಹಾಕಬೇಕಾಗುತ್ತದೆ.

ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ, ಇಲ್ಲವೆಂದಲ್ಲ. ನನ್ನ ಫೈರ್‌ಮೌತಿನ ಗಂಟಲುಬ್ಬಿಸುವಿಕೆ ಹೆಚ್ಚಾಗಿ ಬರೀ ಬೆದರಿಕೆ. ದವಡೆಯಲ್ಲಿ ಕಚ್ಚಾಡುವ ಬಲವಿಲ್ಲ, ಬೆದರಿಕೆಗೆ ಬಗ್ಗದ ಎದುರಾಳಿ ಸಿಕ್ಕರೆ ಅದರ ಕಥೆ ಮುಗಿಯಿತು. ಕಾನ್ವಿಕ್ಟ್ ಹಾಗಲ್ಲ. ಗೇಣುದ್ದವೂ ಇಲ್ಲದ ಆ ಜೋಡಿ ಮೊಟ್ಟೆಯಿಟ್ಟಿತೆಂದರೆ ತಮಗಿಂತ ಎರಡು ಪಟ್ಟು ದೊಡ್ಡ ಮೀನನ್ನೂ ತೊಟ್ಟಿಯ ಒಂದು ಮೂಲೆಗೆ ಒತ್ತುತ್ತವೆ. ಗಾತ್ರದ ನಿಯಮಕ್ಕೆ ನಾನು ಕಂಡ ದೊಡ್ಡ ಅಪವಾದ ಇದು. ರಕ್ತಗೆಂಪಿನ ಪ್ಯಾರಟ್ ಸಿಕ್ಲಿಡ್ ಎಂಬ ಮಿಶ್ರತಳಿಗೆ ಬಾಯಿಯೇ ಪೂರ್ತಿ ಮುಚ್ಚದ ಕಾರಣ ಕಚ್ಚಾಟದಲ್ಲಿ ಸದಾ ಸೋಲು, ಅದನ್ನು ಹಲ್ಲುಗಾರರ ನಡುವೆ ಬಿಡುವುದು ಅನ್ಯಾಯ. ಎಂಬೂನಾಗಳಲ್ಲಿ ಒಂದು ಗಂಡಿಗೆ ಮೂರು ಹೆಣ್ಣಾದರೂ ಇರಬೇಕು, ಒಂದೇ ಬಣ್ಣದ ಪಟ್ಟೆಯ ಎರಡು ಪ್ರಭೇದಗಳು ಬೇಡ. ತನ್ನಂತೆ ಕಾಣುವವನನ್ನೇ ಅವು ಮೊದಲು ಹೊಡೆಯುತ್ತವೆ. ಅವುಗಳನ್ನು ಸ್ವಲ್ಪ ದಟ್ಟವಾಗಿಯೇ ಸಾಕಿ ಏಟು ಒಬ್ಬರ ಮೇಲೇ ಬೀಳದಂತೆ ಹಂಚುವುದು ರೂಢಿ. ಆ ದಟ್ಟಣೆಗೆ ತಕ್ಕ ಫಿಲ್ಟರ್ ಮತ್ತು ನೀರು ಬದಲಾವಣೆ ಇಲ್ಲದೆ ಈ ಉಪಾಯಕ್ಕೆ ಕೈ ಹಾಕಬಾರದು.

ಸಿಕ್ಲಿಡ್ ಅಲ್ಲದ ಜೊತೆಗಾರರಲ್ಲಿ ನನಗೆ ಹೆಚ್ಚು ನೆರವಾದದ್ದು ಸಿಲ್ವರ್ ಡಾಲರ್. ತಟ್ಟೆಯಂತೆ ಅಗಲವಾದ ಮೈ ಇರುವುದರಿಂದ ನುಂಗಲು ಬಾರದು, ವೇಗವಾಗಿ ಈಜುವುದರಿಂದ ಸಿಕ್ಕದು, ಐದಾರು ಒಟ್ಟಿಗೆ ತೆರೆದ ನೀರಿನಲ್ಲಿ ಓಡಾಡುತ್ತಿದ್ದರೆ ಸಿಕ್ಲಿಡ್‌ಗೂ ಅಪಾಯವಿಲ್ಲವೆಂಬ ಧೈರ್ಯ ಬಂದು ಅಡಗುವುದನ್ನು ಬಿಡುತ್ತದೆ. ಗಿಡಗಳ ಆಸೆ ಮಾತ್ರ ಬಿಡಬೇಕು, ಎಲೆಯೊಂದನ್ನೂ ಉಳಿಸವು. ಪಾಚಿ ಕೆರೆದು ತಿನ್ನುವ ಸಾಮಾನ್ಯ ಪ್ಲೆಕೋ ಮೀನನ್ನು ಡಿಸ್ಕಸ್ ಜೊತೆಗೆ ಬಿಟ್ಟರೆ ರಾತ್ರಿ ಅದು ಡಿಸ್ಕಸ್‌ನ ಮೈಯ ಲೋಳೆಯನ್ನು ಹೀರುವುದುಂಟು. ಟ್ಯಾಂಗನೀಕಾದ ಚುಕ್ಕಿಯ ಸಿನೊಡಾಂಟಿಸ್ ಮಲ್ಟಿಪಂಕ್ಟೇಟಸ್ ಎಂಬ ಬೆಕ್ಕುಮೀನು ಒಳ್ಳೆಯ ಜೊತೆಗಾರನೇ, ಆದರೆ ಅದು ಕೋಗಿಲೆಯ ಜಾತಿಯ ಬುದ್ಧಿಯುಳ್ಳದ್ದು: ಬಾಯಲ್ಲಿ ಮರಿ ಮಾಡುವ ಸಿಕ್ಲಿಡ್ ಮೊಟ್ಟೆಯಿಡುವ ಹೊತ್ತಿಗೆ ನುಗ್ಗಿ ತನ್ನ ಮೊಟ್ಟೆಗಳನ್ನು ಸೇರಿಸುತ್ತದೆ, ಅವು ಮೊದಲು ಒಡೆದು ಸಾಕುತಾಯಿಯ ಬಾಯೊಳಗೇ ಅವಳ ಮರಿಗಳನ್ನು ತಿನ್ನುತ್ತವೆ.

ಹೊಸ ಮೀನನ್ನು ಸೇರಿಸುವ ಕ್ರಮದಲ್ಲೂ ಬೆಳವಣಿಗೆಯ ಲೆಕ್ಕವೇ ಕೆಲಸ ಮಾಡುತ್ತದೆ. ನಿಧಾನವಾಗಿ ಬೆಳೆಯುವುದನ್ನು ಮತ್ತು ಸಾಧುವನ್ನು ಮೊದಲು ಬಿಡಬೇಕು, ಓಟಗಾರನನ್ನು ಕೊನೆಗೆ, ಸಾಧ್ಯವಾದರೆ ಇನ್ನೂ ಚಿಕ್ಕದಾಗಿರುವಾಗ. ಹಳಬರಿರುವ ತೊಟ್ಟಿಗೆ ಹೊಸಬರನ್ನು ಬಿಡುವ ಮುಂಚೆ ಕಲ್ಲುಗಳನ್ನೆಲ್ಲ ಕದಲಿಸಿ ಬೇರೆ ರೀತಿಯಲ್ಲಿ ಜೋಡಿಸಿದರೆ ಹಳೆಯ ಗಡಿಗಳು ಅಳಿಸಿಹೋಗಿ ಎಲ್ಲರೂ ಒಟ್ಟಿಗೆ ಹೊಸ ಜಾಗ ಹುಡುಕಬೇಕಾಗುತ್ತದೆ. ದೀಪ ಆರಿಸಿ ಬಿಡುವುದು ಒಳ್ಳೆಯದು. ಹೊಂದಿಕೊಳ್ಳದೆ ಹೋದ, ತೊಟ್ಟಿ ಮೀರಿ ಬೆಳೆದ ಮೀನನ್ನು ಮಾತ್ರ ಯಾವ ಕೆರೆಗೂ ಹೊಳೆಗೂ ಬಿಡಕೂಡದು. ಅಮೆರಿಕದ ಫ್ಲಾರಿಡಾದ ಕಾಲುವೆಗಳಲ್ಲಿ ಇಂದು ಆಸ್ಕರ್‌ಗಳು ಸಂಸಾರ ಹೂಡಿ ನೆಲೆಸಿವೆ.

ಫೈರ್‌ಮೌತನ್ನು ನಾನು ಎಂಟನೆಯ ತಿಂಗಳ ಕೊನೆಗೆ ಮೂರು ಅಡಿಯ ಇನ್ನೊಂದು ತೊಟ್ಟಿಗೆ ವರ್ಗಾಯಿಸಿದೆ. ಮೊದಲ ವಾರ ಅಲ್ಲಿಯೂ ಅದು ಹೀಟರಿನ ಹಿಂದೆಯೇ ನಿಂತಿತ್ತು, ಹೆದರಿಸುವವರು ಯಾರೂ ಇಲ್ಲದಿದ್ದರೂ. ಎರಡನೆಯ ವಾರ ಮರಳಿನ ಮೇಲೆ ಬಂತು, ನಾಲ್ಕನೆಯ ವಾರ ನನ್ನ ಬೆರಳಿಗೆ ಗಂಟಲುಬ್ಬಿಸಿತು. ನಾಲ್ಕು ತಿಂಗಳಲ್ಲಿ 8ರಿಂದ ಹತ್ತೂವರೆ ಸೆಂ.ಮೀ. ಆಯಿತು, ಆಸ್ಕರಿನ ಜೊತೆಗೆ ಎಂಟು ತಿಂಗಳಲ್ಲಿ ಬೆಳೆದದ್ದು ಮೂರು ಸೆಂ.ಮೀ. ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಬೆನ್ನಿನ ರೆಕ್ಕೆ ತುಂಬಿಕೊಂಡಿದೆ, ತುದಿಯಲ್ಲಿ ಒಂದು ಕಡೆ ಮಾತ್ರ ಸೊಟ್ಟ ಉಳಿದಿದೆ.

ಆಸ್ಕರ್ ಈಗ 26 ಸೆಂ.ಮೀ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಈ ತೊಟ್ಟಿಯಲ್ಲಿ ಅಂಚಿನವರೆಗೆ ತುಂಬಿದರೂ ಸುಮಾರು 255 ಲೀಟರ್. ಅದಕ್ಕೆ ಇನ್ನು ಇದು ಸಾಲದು, ಆರಡಿಯದಕ್ಕೆ ಜಾಗ ಅಳೆದಾಗಿದೆ. ಅದರ ಜೊತೆಗೆಂದು ತಂದ ಸೆವೆರಮ್ ಎಂಬ ಎರಡು ಸಿಕ್ಲಿಡ್‌ಗಳು ಬೇರೆ ತೊಟ್ಟಿಯಲ್ಲಿ ಬೆಳೆಯುತ್ತಿವೆ. ಆ ಗಾಜಿಗೂ ಒಂದು ಪಟ್ಟಿ ಅಂಟಿಸಿದ್ದೇನೆ. ಈ ಭಾನುವಾರ ಒಂದು 11 ಸೆಂ.ಮೀ. ಇತ್ತು, ಇನ್ನೊಂದು ಹತ್ತಕ್ಕಿಂತ ಕೊಂಚ ಹೆಚ್ಚು. ಎರಡೂ 15 ದಾಟುವವರೆಗೆ ಅಡ್ಡಗೋಡೆಯ ಆಚೆಯಿಂದಲೂ ಆಸ್ಕರಿಗೆ ಅವುಗಳ ಪರಿಚಯ ಮಾಡಿಸುವ ಯೋಚನೆ ನನಗಿಲ್ಲ.